ಐದು ಜನ, ಒಂದು ರಾಜ್ಯ: ಮಧ್ಯಯುಗದ ಕಲ್ಪನಾ ರಾಜ್ಯದ ಆಟ ನಡೆಸುವುದು ಹೇಗೆ

ನಾನು ಮೊದಲು ಕಟ್ಟಿದ ರಾಜ್ಯ ಮೂರೇ ಭಾನುವಾರಕ್ಕೆ ಬಿದ್ದುಹೋಯಿತು. ಅದಕ್ಕಾಗಿ ಎರಡು ತಿಂಗಳು ಒಬ್ಬಳೇ ಕೂತು ಇತಿಹಾಸ ಬರೆದಿದ್ದೆ. ಎಂಟು ತಲೆಮಾರಿನ ರಾಜರು, ಮೂರು ದೊಡ್ಡ ಯುದ್ಧ, ಪ್ರತಿ ನದಿಗೂ ಒಂದು ಹೆಸರು. ಗೆಳೆಯರು ಬಂದರು, ಕೂತರು, ಕೇಳಿಸಿಕೊಂಡರು. ಅವರಿಗೆ ಮಾಡಲು ಏನೂ ಉಳಿದಿರಲಿಲ್ಲ. "ಈ ಸೇತುವೆ ಯಾರು ಕಟ್ಟಿಸಿದ್ದು?" ಎಂದು ಯಾರಾದರೂ ಕೇಳಿದರೆ ಉತ್ತರ ಆಗಲೇ ನನ್ನ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು. ನಾಲ್ಕನೇ ಭಾನುವಾರ ಯಾರೂ ಬರಲಿಲ್ಲ.

ಎರಡನೇ ರಾಜ್ಯದ ಹೆಸರು ಮೊರ್ವೆಲ್. ಅದನ್ನು ಎಲ್ಲರೂ ಸೇರಿ ಒಂದೇ ಸಂಜೆಯಲ್ಲಿ ಕಟ್ಟಿದೆವು. ತಿಂಗಳಿಗೊಮ್ಮೆ ಕೂಡುತ್ತೇವೆ, ಎರಡು ವರ್ಷ ಆಯಿತು, ಇನ್ನೂ ನಡೆಯುತ್ತಿದೆ. ಈಗ ಸೇತುವೆಯ ಪ್ರಶ್ನೆ ಬಂದರೆ ನಾನು ತಿರುಗಿ ಕೇಳುತ್ತೇನೆ: "ನೀವೇ ಹೇಳಿ, ಯಾರು ಕಟ್ಟಿಸಿದ್ದು? ಕಟ್ಟಿಸಿದ್ದಕ್ಕೆ ಯಾರಿಗೆ ಸಿಟ್ಟು ಬಂತು?" ಆಟ ನಡೆಸುವವರು ಹೇಳುವುದಕ್ಕಿಂತ ಜಾಸ್ತಿ ಕೇಳಬೇಕು. ಮುಂದೆ ಬರೆದಿರುವುದೆಲ್ಲ ಈ ಒಂದು ಅಭ್ಯಾಸದಿಂದ ಬೆಳೆದದ್ದು.

ಆಟ ಏನು, ಎಲ್ಲಿಂದ ಬಂತು

ಹೊಸಬರಿಗಾಗಿ ಎರಡು ಮಾತು. ನಾಲ್ಕರಿಂದ ಆರು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಆಟ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿದು ಆ ಪಾತ್ರವಾಗಿ ಮಾತಾಡುತ್ತಾರೆ, ನಿರ್ಧಾರ ಮಾಡುತ್ತಾರೆ. ಏನಾಗುತ್ತದೆ ಎಂಬ ಅನುಮಾನ ಬಂದಾಗ ದಾಳ ಹಾಕುತ್ತಾರೆ. ಬೋರ್ಡು ಬೇಕಾಗಿಲ್ಲ, ಗೆದ್ದವರು ಸೋತವರು ಎಂಬ ಲೆಕ್ಕವೂ ಇಲ್ಲ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇಂಥ ಆಟಗಳಲ್ಲಿ ಮೊದಲು ಅಚ್ಚಾದದ್ದು. ಅದರಲ್ಲಿ ಸಾಹಸಿಗಳ ಗುಂಪು ಗುಹೆಗೆ ಇಳಿಯುತ್ತದೆ, ನಿಧಿ ತರುತ್ತದೆ. ರಾಜ್ಯದ ಆಟ ನಡೆಸಬೇಕೆಂದರೆ ಇನ್ನೂ ಐದು ವರ್ಷ ಹಿಂದಕ್ಕೆ ಹೋಗುವುದು ಒಳ್ಳೆಯದು. 1969ರಲ್ಲಿ ಡೇವಿಡ್ ವೆಸ್ಲಿ ಎಂಬುವವರು 'ಬ್ರೌನ್‌ಸ್ಟೈನ್' ಎಂಬ ಆಟ ಆಡಿಸಿದರು. ನೆಪೋಲಿಯನ್ ಕಾಲದ ಒಂದು ಜರ್ಮನ್ ಊರು, ಸೈನ್ಯ ಹತ್ತಿರ ಬರುತ್ತಿದೆ. ಸೈನ್ಯವನ್ನಷ್ಟೇ ಕೊಡುವ ಬದಲು ಅವರು ಆಟಗಾರರಿಗೆ ಊರಿನ ಜನರ ಪಾತ್ರಗಳನ್ನು ಹಂಚಿದರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಗುರಿ. ಆಟಗಾರರು ಗುಟ್ಟಾಗಿ ಮಾತಾಡಲು ಶುರುಮಾಡಿದರು, ಒಪ್ಪಂದ ಮಾಡಿಕೊಂಡರು, ಜಗಳವಾಡಿದರು. ಆ ಆಟದಲ್ಲಿ ಆರ್ನೆಸನ್ ಕೂಡ ಇದ್ದರು. ರಾಜ್ಯದ ಆಟಕ್ಕೆ ಬೇಕಾದ ಬೀಜ ಇದೇ. ಒಂದೇ ಊರು, ಬೇರೆ ಬೇರೆ ಆಸೆಗಳು.

ನಮ್ಮಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಅರ್ಥಧಾರಿ ಕೃಷ್ಣನಾಗುತ್ತಾರೆ, ಕೌರವನಾಗುತ್ತಾರೆ. ಬರೆದಿಟ್ಟ ಮಾತಿಲ್ಲದೆ ಆಗಿಂದಾಗಲೇ ವಾದ ಮಾಡುತ್ತಾರೆ. ಭಾಗವತರು ಹಾಡಿ ಪ್ರಸಂಗ ಮುಂದಕ್ಕೆ ಒಯ್ಯುತ್ತಾರೆ. ನಮ್ಮ ಗುಂಪಿನಲ್ಲಿ ಆಟ ನಡೆಸುವವರನ್ನು 'ಗೇಮ್ ಮಾಸ್ಟರ್' ಎನ್ನುವುದು ಬಿಟ್ಟು ಭಾಗವತರು ಎಂದೇ ಕರೆಯುತ್ತೇವೆ. ವ್ಯತ್ಯಾಸ ಇಷ್ಟೇ. ಪ್ರಸಂಗದಲ್ಲಿ ಕೊನೆಗೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಇಲ್ಲಿ ಭಾಗವತರಿಗೂ ಗೊತ್ತಿಲ್ಲ.

ಮೊದಲ ಸಂಜೆ: ನಕ್ಷೆ ಬರೆಯಿರಿ

ಮೊದಲ ಕೂಟದಲ್ಲಿ ಆಟ ಶುರು ಮಾಡಬೇಡಿ. ಒಂದು ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್ ಇಟ್ಟುಕೊಳ್ಳಿ. ಭಾಗವತರು ಒಂದು ನದಿ ಮತ್ತು ಒಂದು ಕೋಟೆ ಬರೆದು ಕೈಬಿಡಲಿ. ಆಮೇಲೆ ಹಾಳೆ ಸುತ್ತಲಿ. ಪ್ರತಿಯೊಬ್ಬರೂ ಒಂದು ಜಾಗ ಬರೆಯಬೇಕು. ಆ ಜಾಗದ ಬಗ್ಗೆ ಒಂದು ತಂಟೆಯನ್ನೂ ಹೇಳಬೇಕು. ಎರಡು ಸುತ್ತು ಸಾಕು. ಹತ್ತು ಜಾಗ, ಹತ್ತು ತಂಟೆ. ಒಂದು ವರ್ಷ ಆಡಲು ಅಷ್ಟು ಸಾಕಾಗುತ್ತದೆ.

ತಂಟೆ ದೊಡ್ಡದೇ ಆಗಬೇಕಿಲ್ಲ. ಸಣ್ಣದಿದ್ದಷ್ಟೂ ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ. 1215ರಲ್ಲಿ ಇಂಗ್ಲೆಂಡಿನ ಸರದಾರರು ರಾಜ ಜಾನ್‌ನಿಂದ ಮುದ್ರೆ ಹಾಕಿಸಿಕೊಂಡ ಮ್ಯಾಗ್ನಾ ಕಾರ್ಟಾ ಎಂಬ ಹಕ್ಕುಪತ್ರದಲ್ಲಿ ದೊಡ್ಡ ದೊಡ್ಡ ಹಕ್ಕುಗಳ ನಡುವೆ ಮೀನು ಹಿಡಿಯುವ ಅಡ್ಡಗಟ್ಟೆಗಳ ವಿಷಯವೂ ಇದೆ. ಥೇಮ್ಸ್, ಮೆಡ್‌ವೇ ನದಿಗಳಲ್ಲಿ ಅವನ್ನು ಕಿತ್ತುಹಾಕಬೇಕು ಎಂದು. ಅವು ದೋಣಿಗಳಿಗೆ ಅಡ್ಡವಾಗುತ್ತಿದ್ದವು. ರಾಜ್ಯ ಅಲುಗಾಡುತ್ತಿದ್ದ ಹೊತ್ತಿನಲ್ಲೂ ಜನಕ್ಕೆ ಮೀನಿನ ಗಟ್ಟೆಯ ಚಿಂತೆ ಇತ್ತು ಅಲ್ವಾ? ಮೊರ್ವೆಲ್‌ನಲ್ಲಿ ನಮ್ಮ ಮೊದಲ ದೊಡ್ಡ ಜಗಳ ಶುರುವಾದದ್ದು ಡ್ರ್ಯಾಗನ್‌ನಿಂದಲ್ಲ. ಎರಡು ಹಳ್ಳಿಗಳಿಗೆ ಒಂದೇ ಹಿಟ್ಟಿನ ಗಿರಣಿ ಇದ್ದದ್ದರಿಂದ.

ಅದೇ ಸಂಜೆ ಇನ್ನೊಂದು ಮಾತು ಆಗಲೇಬೇಕು. ಮಧ್ಯಯುಗದ ಕಥೆಗಳಲ್ಲಿ ಕ್ರೌರ್ಯ ಬಹಳ. ಯಾರಿಗೆ ಯಾವುದು ಬೇಡ ಎಂದು ಚೀಟಿಯಲ್ಲಿ ಹೆಸರು ಹಾಕದೆ ಬರೆದುಕೊಡಲಿ. ಮಕ್ಕಳ ಮೇಲಿನ ಹಿಂಸೆ, ಅತ್ಯಾಚಾರ, ಹೀಗೆ. ಚೀಟಿಯಲ್ಲಿ ಬಂದದ್ದು ನಿಮ್ಮ ರಾಜ್ಯದಲ್ಲಿ ಇಲ್ಲವೇ ಇಲ್ಲ. ಚರ್ಚೆ ಬೇಡ, ಕಾರಣ ಕೇಳಬೇಡಿ. ಆಟದ ನಡುವೆ ಯಾರಿಗಾದರೂ ಕಷ್ಟವಾದರೆ ಮುಟ್ಟಲು ಮೇಜಿನ ಮಧ್ಯೆ ಒಂದು ಕಾರ್ಡು ಇಡಿ. ಜಾನ್ ಸ್ಟಾವ್ರೊಪೌಲೋಸ್ ಎಂಬುವವರು ರೂಪಿಸಿದ ಈ 'ಎಕ್ಸ್ ಕಾರ್ಡ್' ಈಗ ಅನೇಕ ದೇಶಗಳ ಮೇಜುಗಳಲ್ಲಿ ಇದೆ. ಮುಟ್ಟಿದ ತಕ್ಷಣ ಆ ದೃಶ್ಯ ಬಿಟ್ಟು ಮುಂದೆ ಹೋಗಬೇಕು.

ಸಿಂಹಾಸನದಲ್ಲಿ ಆಟಗಾರರನ್ನು ಕೂರಿಸಬೇಡಿ

ಎಲ್ಲರಿಗೂ ರಾಜನಾಗಲು ಆಸೆ. ಒಬ್ಬರು ರಾಜರಾದರೆ ಉಳಿದವರು ಅಪ್ಪಣೆ ಕೇಳುತ್ತಾ ಕೂರುತ್ತಾರೆ. ಹಾಗಾಗಿ ರಾಜನನ್ನು ಆಳಲಾಗದ ಸ್ಥಿತಿಯಲ್ಲಿ ಇಡಿ. ಇತಿಹಾಸದಲ್ಲಿ ಇದಕ್ಕೆ ಒಳ್ಳೊಳ್ಳೆಯ ಮಾದರಿಗಳಿವೆ. ಇಂಗ್ಲೆಂಡಿನ ರಾಜ ಸಿಂಹಹೃದಯಿ ರಿಚರ್ಡ್ 1192ರ ಡಿಸೆಂಬರ್‌ನಲ್ಲಿ ವಿಯೆನ್ನಾ ಹತ್ತಿರ ಸೆರೆಸಿಕ್ಕ. ಬಿಡುಗಡೆಗೆ ಕೇಳಿದ ಹಣ 1,50,000 ಮಾರ್ಕ್. ಇಡೀ ಇಂಗ್ಲೆಂಡ್ ತೆರಿಗೆ ಕಟ್ಟಿತು. 1194ರಲ್ಲಿ ಅವನು ಬಿಡುಗಡೆಯಾದ. ಆ ಒಂದು ವರ್ಷದಲ್ಲಿ ಉಳಿದವರು ಏನು ಮಾಡುತ್ತಾರೆ ಎಂಬುದೇ ಒಂದು ಪೂರ್ತಿ ಆಟ.

ನಾವು ಆರಿಸಿಕೊಂಡದ್ದು ಇನ್ನೊಂದು ಮಾದರಿ. 1216ರಲ್ಲಿ ಜಾನ್ ಸತ್ತಾಗ ಮಗ ಮೂರನೇ ಹೆನ್ರಿಗೆ 9 ವರ್ಷ. ಅರ್ಧ ದೇಶ ದಂಗೆಕೋರರ ಕೈಯಲ್ಲಿ. ಮುದುಕ ನೈಟ್ (ಕುದುರೆ ಏರಿ ಕಾದುವ ಯೋಧ) ವಿಲಿಯಂ ಮಾರ್ಷಲ್ ಮಗುವಿನ ಪರವಾಗಿ ರಾಜ್ಯ ನೋಡಿಕೊಂಡ. ಮೊರ್ವೆಲ್‌ನ ರಾಣಿ ಆಡಿಲಾಗೂ ಆಟ ಶುರುವಾದಾಗ 9 ವರ್ಷ. ಅವಳ ಹೆಸರಿನಲ್ಲಿ ಆಳುವ ನಾಲ್ವರು ನಮ್ಮ ಆಟಗಾರರು: ದಂಡನಾಯಕಿ, ಖಜಾಂಚಿ, ಮಠದ ಹಿರಿಯ, ಮತ್ತು ಕಾಡಂಚಿನ ಮಾಂತ್ರಿಕಳು.

ಪಾತ್ರ ಹಂಚುವಾಗ ಒಂದೇ ನಿಯಮ. ಪ್ರತಿಯೊಬ್ಬರ ಕೈಯಲ್ಲೂ ಬೇರೆಯವರಿಗೆ ಬೇಕಾದ ಒಂದು ವಸ್ತು ಇರಬೇಕು. ದಂಡನಾಯಕಿಯ ಹತ್ತಿರ ಸೈನಿಕರು, ಖಜಾಂಚಿಯ ಹತ್ತಿರ ಬೀಗದ ಕೈ, ಹಿರಿಯನ ಹತ್ತಿರ ಜನರ ಕಿವಿ. ಯಾರೂ ಒಬ್ಬರೇ ಏನನ್ನೂ ಮಾಡಿ ಮುಗಿಸಲಾಗಬಾರದು.

ಕನ್ನಡದಲ್ಲಿ ಆಡಿ

ಬಹಳ ಗುಂಪುಗಳು ಅಭ್ಯಾಸಬಲದಿಂದ ಇಂಗ್ಲಿಷಿನಲ್ಲೇ ಪಾತ್ರ ಮಾತಾಡಿಸುತ್ತವೆ. ಒಮ್ಮೆ ಕನ್ನಡದಲ್ಲಿ ಆಡಿ ನೋಡಿ. ನಮ್ಮ ಭಾಷೆಯಲ್ಲಿ ನೀನು, ನೀವು, ತಾವು ಇವೆ. ಅಧಿಕಾರ ಯಾರದು ಎಂದು ಹೇಳಲು ಬೇರೆ ವಿವರಣೆಯೇ ಬೇಡ. ಸಭೆಯಲ್ಲಿ ಎಲ್ಲರೂ ಪುಟ್ಟ ಆಡಿಲಾಗೆ "ತಾವು" ಎನ್ನುತ್ತಾರೆ. ಸಾಕಿದ ದಾದಿ ಮಾತ್ರ "ನೀ ಊಟ ಮಾಡಿದ್ಯಾ ಮಗಾ?" ಎನ್ನುತ್ತಾಳೆ. ಒಂದು ಕೂಟದಲ್ಲಿ ಖಜಾಂಚಿ ಸಿಟ್ಟಿನಲ್ಲಿ ದಂಡನಾಯಕಿಗೆ "ನೀನು" ಎಂದುಬಿಟ್ಟ. ಮೇಜು ಗಪ್‌ಚಿಪ್. ಆ ಒಂದು ಪದಕ್ಕೆ ಅವನು ಕ್ಷಮೆ ಕೇಳಲು ಎರಡು ಋತು ಬೇಕಾಯಿತು.

ಮಠದ ಹಿರಿಯನಿಗೆ ಪುಸ್ತಕದ ಕನ್ನಡ, ಗಿರಣಿಯವಳಿಗೆ ನಿಮ್ಮ ಅಜ್ಜಿ ಊರಿನ ಕನ್ನಡ. ಡ್ರ್ಯಾಗನ್, ನೈಟ್ ಹಾಗೇ ಇರಲಿ, ಅವಕ್ಕೆ ಕಷ್ಟಪಟ್ಟು ಪದ ಹುಟ್ಟಿಸಬೇಡಿ.

ಲೆಕ್ಕ: ಹುಣಸೆಬೀಜ ಮತ್ತು ನಾಣ್ಯ

ರಾಜ್ಯದ ಆಟ ಸಪ್ಪೆಯಾಗುವುದು ಎಲ್ಲವೂ ಸಾಕಷ್ಟು ಇದ್ದಾಗ. ಯಾವುದಾದರೂ ಕಡಿಮೆ ಇದ್ದರೆ ಮಾತ್ರ "ಯಾರಿಗೆ ಇಲ್ಲ ಅನ್ನೋಣ?" ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಆಳುವುದು.

ಧಾನ್ಯದಿಂದ ಶುರು ಮಾಡಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದು ಪಾಲು ಗೋಧಿ ಬಿತ್ತಿದರೆ ಹೆಚ್ಚುಕಡಿಮೆ ನಾಲ್ಕು ಪಾಲು ಬರುತ್ತಿತ್ತು, ಅಷ್ಟೇ. ಒಂದು ಹಳ್ಳಿ 100 ಚೀಲ ಬಿತ್ತಿತು ಎಂದುಕೊಳ್ಳಿ. ಬಂದದ್ದು 400. ಮುಂದಿನ ವರ್ಷದ ಬೀಜಕ್ಕೆ 100 ತೆಗೆದಿಡಬೇಕು. ಚರ್ಚಿಗೆ ಹತ್ತರಲ್ಲಿ ಒಂದು ಪಾಲು, ಅಂದರೆ 40. ಉಳಿಯಿತು 260. ಸರದಾರನಿಗೆ ಕೊಡುವುದು, ಗಿರಣಿಯ ಕೂಲಿ, ತಿನ್ನುವುದು ಎಲ್ಲ ಇದರಲ್ಲೇ.

ಈಗ ಮಳೆ ಕೆಟ್ಟು ಬೆಳೆ ಅರ್ಧವಾಯಿತು ಎನ್ನಿ. ಬಂದದ್ದು 200. ಬೀಜ ಅಷ್ಟೇ ಬೇಕು, 100. ಚರ್ಚಿಗೆ 20. ಉಳಿದದ್ದು 80. ಬೆಳೆ ಅರ್ಧಕ್ಕೆ ಇಳಿದರೆ ತಿನ್ನುವ ಕಾಳು ಮೂರನೇ ಒಂದು ಭಾಗಕ್ಕಿಂತಲೂ ಕೆಳಗೆ ಹೋಯಿತು! ಆಗ ಹಸಿದ ಜನ ಬೀಜದ ಚೀಲ ನೋಡುತ್ತಾರೆ. ಅದನ್ನು ತಿಂದರೆ ಮುಂದಿನ ವರ್ಷ ಬಿತ್ತಲು ಇಲ್ಲ. 1315ರಿಂದ 1317ರವರೆಗೆ ಉತ್ತರ ಯುರೋಪಿನಲ್ಲಿ ಎಡೆಬಿಡದೆ ಸುರಿದ ಮಳೆಗೆ ಬೆಳೆ ಕೊಳೆತು ಮಹಾ ಬರಗಾಲ ಬಂದದ್ದು ಹೀಗೆಯೇ. ಈ ಲೆಕ್ಕವನ್ನು ಆಟಗಾರರಿಗೆ ಒಮ್ಮೆ ಬಿಡಿಸಿ ತೋರಿಸಿ. ಆಮೇಲೆ ಅವರು ಆಕಾಶ ನೋಡುವ ರೀತಿಯೇ ಬದಲಾಗುತ್ತದೆ.

ಪ್ರತಿ ಕೂಟದಲ್ಲಿ ಚೀಲ ಎಣಿಸುತ್ತಾ ಕೂರಲು ಆಗುವುದಿಲ್ಲ. ನಾವು ಇದನ್ನು ಚಿಕ್ಕದು ಮಾಡಿಕೊಂಡಿದ್ದೇವೆ. ಮೇಜಿನ ನಡುವೆ ಒಂದು ಬಟ್ಟಲು, ಅದರಲ್ಲಿ ಹುಣಸೆಬೀಜ. ಶುರುವಿಗೆ ಮೂರು. ನಮ್ಮ ಆಟದಲ್ಲಿ ವರ್ಷಕ್ಕೆ ನಾಲ್ಕು ಋತು, ಪ್ರತಿ ಋತುವಿಗೆ ರಾಜ್ಯ ಒಂದು ಬೀಜ ತಿನ್ನುತ್ತದೆ. ಸೈನ್ಯ ಹೊರಗೆ ಇದ್ದರೆ ಇನ್ನೊಂದು. ಸುಗ್ಗಿಯಲ್ಲಿ ಒಂದು ದಾಳ ಹಾಕಬೇಕು. 1 ಬಿದ್ದರೆ ಏನೂ ಇಲ್ಲ, 2 ಅಥವಾ 3ಕ್ಕೆ ಎರಡು ಬೀಜ, 4ರಿಂದ 6ಕ್ಕೆ ನಾಲ್ಕು. ಹಣಕ್ಕೆ ನಾಣ್ಯ: ಶುರುವಿಗೆ ಎರಡು, ವರ್ಷಕ್ಕೆ ತೆರಿಗೆಯಿಂದ ಇನ್ನೆರಡು. ಒಂದು ನಾಣ್ಯಕ್ಕೆ ಪಕ್ಕದ ರಾಜ್ಯದಿಂದ ಒಂದು ಬೀಜ ಕೊಳ್ಳಬಹುದು. ಜನರ ನಂಬಿಕೆಗೆ ಬೆಂಕಿಕಡ್ಡಿ, ಶುರುವಿಗೆ ಮೂರು. ಹೆಚ್ಚು ತೆರಿಗೆ ಹಾಕಿದರೆ ಒಂದು ನಾಣ್ಯ ಬರುತ್ತದೆ, ಒಂದು ಕಡ್ಡಿ ಹೋಗುತ್ತದೆ. ಕಡ್ಡಿ ಖಾಲಿಯಾದರೆ ದಂಗೆ. ಬಟ್ಟಲು ಖಾಲಿಯಾದರೆ ಯಾವ ಊರು ಹಸಿಯಬೇಕು ಎಂದು ಆಟಗಾರರೇ ನಕ್ಷೆಯ ಮೇಲೆ ಬೆರಳಿಟ್ಟು ಹೇಳಬೇಕು.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ನಾಲ್ಕು ಬೀಜ ಬೇಕು, ಸುಗ್ಗಿಯಿಂದ ಸರಾಸರಿ ಮೂರೂ ಬರುವುದಿಲ್ಲ. ಶಾಂತಿ ಇದ್ದರೆ ಹಣ ಕೊಟ್ಟು ಹೇಗೋ ಸರಿದೂಗಿಸಬಹುದು. ಯುದ್ಧಕ್ಕೆ ಹೊರಟರೆ ಆಗುವುದಿಲ್ಲ. ಬೀಜವನ್ನು ಆಟಗಾರರೇ ಕೈಯಾರೆ ತೆಗೆಯಲಿ. ಹಾಳೆಯಲ್ಲಿ ಸಂಖ್ಯೆ ಅಳಿಸುವುದಕ್ಕೂ ಬಟ್ಟಲಿಂದ ಕೊನೆಯ ಬೀಜ ಎತ್ತುವುದಕ್ಕೂ ಬಹಳ ವ್ಯತ್ಯಾಸವಿದೆ.

ಎರಡನೇ ವರ್ಷದ ಸುಗ್ಗಿಯಲ್ಲಿ ನಮಗೆ 1 ಬಿತ್ತು. ಮಠದ ಹಿರಿಯ ಈ ವರ್ಷದ ಚರ್ಚಿನ ಪಾಲು ಬಿಟ್ಟುಕೊಡುತ್ತೇನೆ ಎಂದ. ಬದಲಿಗೆ ಸೇತುವೆಯ ಸುಂಕ ಇನ್ನು ಮುಂದೆ ಮಠಕ್ಕೆ ಬರಬೇಕು. ಖಜಾಂಚಿ ಒಂದೂವರೆ ಗಂಟೆ ವಾದ ಮಾಡಿ ಕೊನೆಗೆ ಒಪ್ಪಿಕೊಂಡ. ನಾನು ಅಷ್ಟೂ ಹೊತ್ತು ಬಾಯಿ ಬಿಡಲಿಲ್ಲ. ಅದು ನಾವು ಆಡಿದ ಅತ್ಯುತ್ತಮ ಸಂಜೆ.

ಒಂದು ಕೂಟ, ಒಂದು ಋತು

ಮೂರು ಗಂಟೆಯ ಕೂಟಕ್ಕೆ ಒಂದು ಋತು ಸರಿಹೋಗುತ್ತದೆ. ಮೊದಲು ಒಡ್ಡೋಲಗ. ಯಕ್ಷಗಾನದಲ್ಲಿ ಪಾತ್ರಗಳು ರಂಗಕ್ಕೆ ಬರುವ ಹಾಗೆ ಪ್ರತಿಯೊಬ್ಬರೂ ತಮ್ಮ ಪಾತ್ರ ಕಳೆದ ಮೂರು ತಿಂಗಳು ಏನು ಮಾಡುತ್ತಿತ್ತು ಎಂದು ಎರಡು ವಾಕ್ಯದಲ್ಲಿ ಹೇಳುತ್ತಾರೆ. ಆಮೇಲೆ ಭಾಗವತರು ಮೂರು ಸುದ್ದಿ ಕೊಡುತ್ತಾರೆ. ಎರಡನ್ನು ನೋಡಿಕೊಳ್ಳಲು ಮಾತ್ರ ಸಮಯ ಇರಬೇಕು, ಮೂರನೆಯದು ಹಾಗೇ ಬೆಳೆಯುತ್ತದೆ. ಯಾವುದನ್ನು ಬಿಡುವುದು ಎಂಬ ವಾದವೇ ಸಭೆ. ಅದಕ್ಕೆ ನಲವತ್ತು ನಿಮಿಷ ಕೊಡಿ. ಉಳಿದ ಹೊತ್ತು ದೃಶ್ಯಗಳಿಗೆ.

ದಾಳಕ್ಕೆ ಲೂಡೋ ಡಬ್ಬಿಯ ಎರಡು ದಾಳ ಸಾಕು. ಕೂಡಿದಾಗ 10 ಅಥವಾ ಜಾಸ್ತಿ ಬಂದರೆ ಅಂದುಕೊಂಡದ್ದು ಆಗುತ್ತದೆ. 7ರಿಂದ 9 ಬಂದರೆ ಆಗುತ್ತದೆ, ಆದರೆ ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ಹೊಸ ತೊಂದರೆ. ಮೆಗುಯಿ ಬೇಕರ್ ಮತ್ತು ವಿನ್ಸೆಂಟ್ ಬೇಕರ್ 2010ರಲ್ಲಿ ತಂದ ಆಟದಿಂದ ಈ ಪದ್ಧತಿ ಹರಡಿತು. ಎರಡು ದಾಳಕ್ಕೆ 36 ಸಾಧ್ಯತೆ. ಅದರಲ್ಲಿ ಪೂರ್ತಿ ಗೆಲುವು 6, ಬೆಲೆ ತೆತ್ತ ಗೆಲುವು 15, ತೊಂದರೆ 15. ಪಾತ್ರಕ್ಕೆ ಪಳಗಿದ ಕೆಲಸವಾದರೆ ಒಂದು ಕೂಡಿಸಿ. ಆಗ ಪೂರ್ತಿ ಗೆಲುವು 10ಕ್ಕೆ ಏರುತ್ತದೆ, ತೊಂದರೆ 10ಕ್ಕೆ ಇಳಿಯುತ್ತದೆ. ಬೆಲೆ ಏನು ಎಂದು ನೀವು ಹೇಳಬೇಡಿ. ದಾಳ ಹಾಕಿದವರ ಎಡಗಡೆ ಕೂತವರು ಹೇಳಲಿ. ತಮ್ಮ ಸರದಿ ಅಲ್ಲದಾಗ ಫೋನ್ ನೋಡುವ ಅಭ್ಯಾಸ ಇದೊಂದರಿಂದಲೇ ನಮ್ಮಲ್ಲಿ ಕಡಿಮೆಯಾಯಿತು.

ಮಾತಿನಲ್ಲೇ ಬಗೆಹರಿಯುವುದಕ್ಕೆ ದಾಳ ಹಾಕಬೇಡಿ. ಆಟಗಾರರು ಒಳ್ಳೆಯ ವಾದ ಮಾಡಿದ್ದಾರೆ, ಕೇಳಿದವರಿಗೂ ಒಪ್ಪಿಗೆಯಾಗಿದೆ ಎಂದರೆ ಅಲ್ಲಿಗೆ ಮುಗಿಯಿತು.

ಯುದ್ಧ ನಿಧಾನ ಇರಲಿ

ನೈಟ್‌ಗಳು ತಮ್ಮ ಜಮೀನಿಗೆ ಪ್ರತಿಯಾಗಿ ವರ್ಷಕ್ಕೆ 40 ದಿನ ಸೈನ್ಯದಲ್ಲಿ ಇರಬೇಕು ಎಂಬ ರೂಢಿ ಇತ್ತು. 41ನೇ ದಿನ ಸಂಬಳ ಕೊಡಬೇಕು, ಇಲ್ಲವೇ ಅವರು ಮನೆಗೆ ಹೊರಡುತ್ತಾರೆ. ಈ ಒಂದು ನಿಯಮ ತಂದರೆ ಯುದ್ಧದ ಆಸೆ ತಾನಾಗಿಯೇ ಹದಕ್ಕೆ ಬರುತ್ತದೆ. 1215ರಲ್ಲಿ ಜಾನ್ ರೋಚೆಸ್ಟರ್ ಕೋಟೆಗೆ ಸುಮಾರು ಏಳು ವಾರ ಮುತ್ತಿಗೆ ಹಾಕಿ ಕೂತ. ಕೊನೆಗೆ ಗೋಪುರದ ಬುಡ ಕೊರೆಸಿ, ಕೆಳಗೆ ಮರದ ಆಸರೆ ಕೊಡಿಸಿ, ಅದನ್ನು ಸುಡಲು 40 ಕೊಬ್ಬಿದ ಹಂದಿ ತರಿಸಿದ. ಹಂದಿಯ ಕೊಬ್ಬಿಗೆ ಬೆಂಕಿ ಹತ್ತಿ ಗೋಪುರದ ಒಂದು ಮೂಲೆ ಕುಸಿಯಿತು. ಇಂಥ ಉಪಾಯವನ್ನು ಆಟಗಾರರು ತಾವಾಗಿ ಹೇಳಿದರೆ ದಾಳಕ್ಕೆ ಒಂದು ಕೂಡಿಸಿಕೊಡಿ. ಹಂದಿ ಎಲ್ಲಿಂದ ತಂದಿರಿ ಎಂದು ಮಾತ್ರ ಕೇಳಲು ಮರೆಯಬೇಡಿ.

ಮಾಯೆ ಇದ್ದರೂ ಕೊರತೆ ಇರಲಿ

ಮಾಂತ್ರಿಕಳು ಕೈ ಬೀಸಿ ಧಾನ್ಯ ತುಂಬಿಸಿದರೆ ಬಟ್ಟಲಿಗೆ ಅರ್ಥವೇ ಇಲ್ಲ. ನಮ್ಮ ಒಪ್ಪಂದ ಹೀಗಿದೆ: ಮಾಯೆಯಿಂದ ಕಷ್ಟವನ್ನು ಜರುಗಿಸಬಹುದು, ಇಲ್ಲವಾಗಿಸಲು ಆಗದು. ಒಮ್ಮೆ ಮಾಂತ್ರಿಕಳು ನಮ್ಮ ಕಣಿವೆಯ ಕೆಟ್ಟ ಮಳೆ ನಿಲ್ಲಿಸಿದಳು. ಆ ಮಳೆ ಗುಡ್ಡದಾಚೆಯ ಪುಟ್ಟ ರಾಜ್ಯದ ಮೇಲೆ ಸುರಿಯಿತು. ಮುಂದಿನ ಋತುವಿನಲ್ಲಿ ಅಲ್ಲಿಂದ ಹಸಿದ ಜನ ಗಂಟು ಹೊತ್ತು ಬಂದರು. ಅವರನ್ನು ಒಳಗೆ ಬಿಡಬೇಕೋ ಬೇಡವೋ ಎಂಬ ಸಭೆಯಲ್ಲಿ ಅವಳೇ ಮೊದಲು ಎದ್ದು ನಿಂತಳು.

ಪಾತ್ರಗಳು ಜಗಳವಾಡಲಿ, ಗೆಳೆಯರು ಬೇಡ

ಸಂಚು, ದ್ರೋಹ ಇಲ್ಲದ ರಾಜಸಭೆ ಇರುವುದಿಲ್ಲ. ಆದರೆ ಗುಟ್ಟನ್ನು ಪಾತ್ರಗಳಿಂದ ಮುಚ್ಚಿಡಿ, ಆಟಗಾರರಿಂದ ಮುಚ್ಚಿಡಬೇಡಿ. ಒಮ್ಮೆ ನಾನು ಒಬ್ಬರ ಜೊತೆ ವಾಟ್ಸಾಪ್‌ನಲ್ಲಿ ಗುಟ್ಟಾಗಿ ಒಂದು ದ್ರೋಹದ ಯೋಜನೆ ಮಾಡಿದ್ದೆ. ಅದು ಬಯಲಾದಾಗ ಗೆಳತಿಗೆ ನಿಜಕ್ಕೂ ನೋವಾಯಿತು. ಅವಳ ಪಾತ್ರಕ್ಕಲ್ಲ, ಅವಳಿಗೆ. ಈಗ ದ್ರೋಹ ಮಾಡುವವರು ಮೇಜಿನ ಮುಂದೆಯೇ ಹೇಳುತ್ತಾರೆ: "ನನ್ನ ಹಿರಿಯ ಈ ಪತ್ರವನ್ನು ಸುಡುವವನಿದ್ದಾನೆ. ನಿಮ್ಮ ದಂಡನಾಯಕಿಗೆ ಯಾವಾಗ ಗೊತ್ತಾದರೆ ಚೆಂದ?" ಇಬ್ಬರೂ ಸೇರಿ ಆ ಗಳಿಗೆಯನ್ನು ಆರಿಸುತ್ತಾರೆ. ರೋಚಕತೆ ಕಡಿಮೆಯಾಗುತ್ತದೆ ಎಂದು ಹೆದರಿದ್ದೆ, ಆಗಲಿಲ್ಲ. ತಾಳಮದ್ದಳೆಯಲ್ಲಿ ಕರ್ಣ ಸಾಯುತ್ತಾನೆ ಎಂದು ಗೊತ್ತಿದ್ದೂ ಜನ ಬೆಳಗಿನ ಜಾವದವರೆಗೆ ಕೂರುತ್ತಾರಲ್ಲ, ಹಾಗೆ.

ಮುಂದಿನ ಪಟ್ಟ ಯಾರಿಗೆ

ಪ್ರತಿ ಪಾತ್ರದ ಹಾಳೆಯಲ್ಲಿ ಮೊದಲ ದಿನವೇ ಒಬ್ಬ ವಾರಸುದಾರರ ಹೆಸರು ಬರೆಸಿ. ಮಗಳು, ಶಿಷ್ಯ, ಅಳಿಯ, ಯಾರಾದರೂ ಸರಿ. ಪಾತ್ರ ಸತ್ತರೆ ಆಟಗಾರರು ಆ ವಾರಸುದಾರರನ್ನು ಹಿಡಿದು ಮುಂದುವರಿಯುತ್ತಾರೆ. ಗ್ರೆಗ್ ಸ್ಟಾಫರ್ಡ್ 1985ರಲ್ಲಿ ತಂದ 'ಪೆಂಡ್ರಾಗನ್' ಆಟದಲ್ಲಿ ಪ್ರತಿ ಚಳಿಗಾಲ ವಯಸ್ಸು, ಮದುವೆ, ಮಕ್ಕಳ ಲೆಕ್ಕ ನಡೆಯುತ್ತದೆ. ಅಪ್ಪನ ನಂತರ ಮಗ ಆಟಕ್ಕೆ ಬರುತ್ತಾನೆ. ಅದನ್ನು ಧಾರಾಳವಾಗಿ ಅನುಸರಿಸಿ.

ವಾರಸುದಾರರೇ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ 1120ರ ನವೆಂಬರ್ 25ರ ರಾತ್ರಿ ನೋಡಿ. ಫ್ರಾನ್ಸಿನ ಕರಾವಳಿಯ ಬಾರ್ಫ್ಲೂರ್ ಹತ್ತಿರ 'ವೈಟ್ ಶಿಪ್' ಎಂಬ ಹಡಗು ಬಂಡೆಗೆ ಬಡಿದು ಮುಳುಗಿತು. ಇಂಗ್ಲೆಂಡಿನ ರಾಜ ಮೊದಲನೇ ಹೆನ್ರಿಯ ಉತ್ತರಾಧಿಕಾರಿ ಮಗ ಅದರಲ್ಲಿದ್ದ. ಹೆನ್ರಿ ಸರದಾರರಿಂದ ಮಗಳು ಮಟಿಲ್ಡಾ ಪರವಾಗಿ ಪ್ರಮಾಣ ಮಾಡಿಸಿದ. 1135ರಲ್ಲಿ ಅವನು ಸತ್ತ ಕೂಡಲೇ ಸೋದರಳಿಯ ಸ್ಟೀಫನ್ ಕಿರೀಟ ಹಾಕಿಕೊಂಡ. ಸರದಾರರಲ್ಲಿ ಬಹಳ ಮಂದಿ ಪ್ರಮಾಣ ಮರೆತರು. ಒಪ್ಪಂದವಾಗಲು 1153 ಬರಬೇಕಾಯಿತು. ನಿಮ್ಮ ಆಟದಲ್ಲಿ ಯಾರಾದರೂ ಪ್ರಮಾಣ ಮಾಡಿದರೆ ಅದನ್ನು ಅವರದೇ ಮಾತಿನಲ್ಲಿ ಬರೆದಿಡಿ, ದಿನಾಂಕದ ಜೊತೆ. ವರ್ಷದ ನಂತರ ಓದಿ ಹೇಳಲು ಬೇಕಾಗುತ್ತದೆ.

ನಮ್ಮ ಆಡಿಲಾಗೆ ಈಗ 15. ಇಂಗ್ಲೆಂಡಿನ ಮೂರನೇ ಹೆನ್ರಿ 1227ರಲ್ಲಿ, 19ರ ವಯಸ್ಸಿನಲ್ಲಿ, ಇನ್ನು ನಾನೇ ಆಳುತ್ತೇನೆ ಎಂದ. ಇವಳು ಅಲ್ಲಿಯವರೆಗೆ ಕಾಯುವ ಹಾಗೆ ಕಾಣುವುದಿಲ್ಲ. ಕಳೆದ ಕೂಟದಲ್ಲಿ ಉಗ್ರಾಣದ ಬೀಗದ ಕೈ ಕೇಳಿದಳು, ಖಜಾಂಚಿ ಮಾತು ಮರೆಸಿದ. ಇಷ್ಟು ದಿನ ಅವಳ ಮಾತನ್ನು ನಾನೇ ಆಡುತ್ತಿದ್ದೆ. ಈ ಸಲ ಅವಳ ಹಾಳೆಯನ್ನು ಮೇಜಿನ ನಡುವೆ, ಬೀಜದ ಬಟ್ಟಲಿನ ಪಕ್ಕ ಇಟ್ಟು ಬಂದಿದ್ದೇನೆ. ಬಟ್ಟಲಲ್ಲಿ ಎರಡು ಬೀಜ ಇವೆ, ಚಳಿಗಾಲ ಬರುತ್ತಿದೆ. ಹಾಳೆಯನ್ನು ಇನ್ನೂ ಯಾರೂ ಎತ್ತಿಕೊಂಡಿಲ್ಲ.